ಹಿಮ ಬಿದ್ದ ಊರಿನಲ್ಲಿ ಕಳ್ಳರು: ಕ್ರಿಸ್‌ಮಸ್ ದರೋಡೆಯ ಹಾಸ್ಯಚಿತ್ರಕ್ಕೆ ಚಿತ್ರಕಥೆ ಕಟ್ಟುವ ಕ್ರಮ

ಕ್ರಿಸ್‌ಮಸ್‌ನ ಹಿಂದಿನ ದಿನ ಹೊರಗಿನ ಕಳ್ಳರು ಸಣ್ಣ ಊರೊಂದಕ್ಕೆ ಬಂದು ಬ್ಯಾಂಕು ದೋಚುತ್ತಾರೆ, ಹಿಮ ಸುರಿದು ರಸ್ತೆ ಮುಚ್ಚಿಹೋಗುತ್ತದೆ, ಹಣ ಕಳೆದುಕೊಂಡ ಊರಿನವರೇ ಅವರನ್ನು ಮನೆಗೆ ಕರೆದು ಊಟಕ್ಕೆ ಕೂರಿಸುತ್ತಾರೆ. ಜಾರ್ಜ್ ಗ್ಯಾಲೊ ಬರೆದು ನಿರ್ದೇಶಿಸಿ 1994ರಲ್ಲಿ ತೆರೆಗೆ ಬಂದ ‘ಟ್ರ್ಯಾಪ್ಡ್ ಇನ್ ಪ್ಯಾರಡೈಸ್’ ಚಿತ್ರದ ಕಥೆಯ ತಿರುಳು ಇಷ್ಟು. ನಿಕೋಲಸ್ ಕೇಜ್, ಜಾನ್ ಲೊವಿಟ್ಜ್ ಮತ್ತು ಡೇನಾ ಕಾರ್ವಿ ಅದರಲ್ಲಿ ನ್ಯೂಯಾರ್ಕಿನಿಂದ ಬಂದ ಮೂವರು ಅಣ್ಣತಮ್ಮಂದಿರಾಗಿದ್ದಾರೆ. ಬಿಡುಗಡೆಯಾದಾಗ ವಿಮರ್ಶಕರು ಚಿತ್ರವನ್ನು ಅಷ್ಟಾಗಿ ಮೆಚ್ಚಲಿಲ್ಲ. ಆದರೂ ಈ ಬಗೆಯ ಚಿತ್ರಕಥೆ ಬರೆಯಲು ಹೊರಟವರು ಮೊದಲು ನೋಡಬೇಕಾದದ್ದು ಇದನ್ನೇ ಎಂದು ನಾನು ಹೇಳುತ್ತೇನೆ, ಏಕೆಂದರೆ ಕಥೆ ನಡೆಯುವ ಬಗೆ ಇಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ: ಹಿಮವು ಕಳ್ಳರ ದಾರಿಯನ್ನಷ್ಟೇ ಕಟ್ಟುತ್ತದೆ, ಅವರ ಕೈಕಟ್ಟಿಹಾಕುವುದು ಊರಿನವರ ಒಳ್ಳೆಯತನ. ಈ ಎರಡನೆಯ ಕಟ್ಟು ಬಿಗಿಯಾಗಿ ಬಿದ್ದರೆ ಮಾತ್ರ ಚಿತ್ರ ನಿಲ್ಲುತ್ತದೆ. ಬರವಣಿಗೆಯ ಪ್ರತಿಯೊಂದು ನಿರ್ಧಾರವನ್ನೂ ಅದಕ್ಕೆ ಹೊಂದಿಸಿಯೇ ತೆಗೆದುಕೊಳ್ಳಬೇಕು.

ಕಳ್ಳರನ್ನು ಯೋಚಿಸುವ ಮೊದಲು ಊರನ್ನು ಕಟ್ಟಿಕೊಳ್ಳಿ. ಒಂದು ಹಾಳೆಯ ಮೇಲೆ ಮುಖ್ಯ ಬೀದಿಯನ್ನು ಎಳೆದು ಬ್ಯಾಂಕು, ಚರ್ಚು, ದಿನಸಿ ಅಂಗಡಿ, ತಿಂಡಿಯ ಹೋಟೆಲು, ಪೊಲೀಸ್ ಠಾಣೆ, ಬಸ್ಸು ನಿಲ್ಲುವ ಜಾಗ ಎಲ್ಲವನ್ನೂ ಗುರುತಿಸಿ, ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಲು ಎಷ್ಟು ಹೊತ್ತು ಬೇಕೆಂಬುದನ್ನು ಬರೆದಿಡಿ. ಅನಂತರ ಊರಿನ ಪ್ರತಿಯೊಬ್ಬ ಪಾತ್ರಕ್ಕೂ ಎರಡೆರಡು ಕೆಲಸ ಕೊಡಿ. ಬೆಳಿಗ್ಗೆ ಬ್ಯಾಂಕಿನ ಕೌಂಟರಿನಲ್ಲಿ ಕೈಮೇಲೆತ್ತಿ ನಿಂತಿದ್ದ ಹೆಂಗಸು ಸಂಜೆ ಚರ್ಚಿನ ಗಾಯಕವೃಂದದಲ್ಲಿ ಹಾಡುತ್ತಿರಬೇಕು. ಕೆಟ್ಟ ಕಾರನ್ನು ಎಳೆದು ತರುವ ಮೆಕ್ಯಾನಿಕ್ಕನೇ ಮಕ್ಕಳಿಗೆ ಸಾಂಟಾ ಕ್ಲಾಸ್ ವೇಷ ಹಾಕುವವನಾಗಿರಬೇಕು. ಮುಖವಾಡ ಹಾಕಿಕೊಂಡು ಹೆದರಿಸಿದವರನ್ನೇ ಮುಖ ತೋರಿಸಿ ಮಾತಾಡಿಸಬೇಕಾದ ಪ್ರಸಂಗ ಕಳ್ಳರಿಗೆ ಮತ್ತೆ ಮತ್ತೆ ಬರುವುದು ಸಣ್ಣ ಊರಿನಲ್ಲಿ ಮಾತ್ರ. ದೊಡ್ಡ ನಗರದಲ್ಲಿ ಈ ಕಥೆ ಹುಟ್ಟುವುದೇ ಇಲ್ಲ.

ಕಾಲವನ್ನೂ ಹೀಗೆಯೇ ಬಿಗಿಗೊಳಿಸಬೇಕು. ಅಮೆರಿಕದಲ್ಲಿ ಕ್ರಿಸ್‌ಮಸ್‌ಗೆ 1870ರಿಂದಲೂ ಕಾನೂನಿನ ಪ್ರಕಾರ ರಜೆಯಿದೆ. 25ರಂದು ಬ್ಯಾಂಕು ತೆರೆಯುವುದಿಲ್ಲವಾದ್ದರಿಂದ ದರೋಡೆ 24ರಂದೇ ಆಗಬೇಕು. ಆ ದಿನಗಳಲ್ಲಿ, ಗ್ಯಾಲೊ ಚಿತ್ರದ ಊರಿರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ದರೋಡೆ, ಮೂರರ ಹೊತ್ತಿಗೆ ಹಿಮದಲ್ಲಿ ದಾರಿ ತಪ್ಪುವುದು, ಕತ್ತಲಾಗುವಾಗ ಯಾರದೋ ಬಾಗಿಲು ತಟ್ಟುವುದು ಎಂದು ಗಂಟೆಗಳ ಲೆಕ್ಕದಲ್ಲಿ ಒನ್‌ಲೈನನ್ನು, ಅಂದರೆ ದೃಶ್ಯಗಳ ಕ್ರಮದ ಪಟ್ಟಿಯನ್ನು, ಬರೆದುಕೊಂಡರೆ ಇಡೀ ಕಥೆ ಒಂದೂವರೆ ದಿನದೊಳಗೆ ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ದಿನ ಎಳೆದರೆ ಕಳ್ಳರು ಓಡಿಹೋಗದೆ ಇರಲು ಕಾರಣಗಳನ್ನು ಹುಡುಕುತ್ತ ಕೂರಬೇಕಾಗುತ್ತದೆ.

ಏನನ್ನು ಕದಿಯಬೇಕು ಎಂಬ ಪ್ರಶ್ನೆಯ ಮೇಲೆ ಹೆಚ್ಚು ಹೊತ್ತು ಕಳೆಯುವುದು ಒಳ್ಳೆಯದು. ಬ್ಯಾಂಕು ದರೋಡೆ 1934ರಿಂದ ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಕಾನೂನಿನಡಿ ಅಪರಾಧವಾಗಿರುವುದರಿಂದ, ಇಬ್ಬರೋ ಮೂವರೋ ಪೊಲೀಸರಿರುವ ಊರಿಗೂ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಬರುತ್ತದೆ. ಊರಿನವರ ಮೃದುತ್ವಕ್ಕೆ ಎದುರಾಗಿ ಹೊರಗಿನ ಕಾನೂನಿನ ಗಡಸನ್ನು ನಿಲ್ಲಿಸಲು ಇದು ಅನುಕೂಲ. ಆದರೆ ಬ್ಯಾಂಕಿನ ಹಣ ಯಾರದೂ ಅಲ್ಲವೆಂಬ ಭಾವನೆ ಪ್ರೇಕ್ಷಕರಲ್ಲಿ ಸುಲಭವಾಗಿ ಬರುತ್ತದೆ. ಬ್ಯಾಂಕುಗಳು ದರೋಡೆಗೆ ವಿಮೆ ಮಾಡಿಸಿರುತ್ತವೆ ಎಂಬುದೂ ನಿಜ. ಹಾಗಾಗಿ ಕದ್ದ ಹಣಕ್ಕೆ ಒಂದು ಮುಖ ಕೊಡಬೇಕು. ಪೆನ್ಸಿಲ್ವೇನಿಯಾದ ಕಾರ್ಲೈಲ್ ಊರಿನ ಬ್ಯಾಂಕೊಂದರಲ್ಲಿ 1909ರಲ್ಲಿ ‘ಕ್ರಿಸ್‌ಮಸ್ ಕ್ಲಬ್’ ಎಂಬ ಉಳಿತಾಯದ ಏರ್ಪಾಡು ಶುರುವಾಯಿತು. ಜನರು ವರ್ಷವಿಡೀ ವಾರಕ್ಕಿಷ್ಟೆಂದು ಕಟ್ಟಿ, ಹಬ್ಬದ ಹೊತ್ತಿಗೆ ಒಟ್ಟು ಹಣ ತೆಗೆದುಕೊಂಡು ಮಕ್ಕಳಿಗೆ ಉಡುಗೊರೆ ಕೊಳ್ಳುತ್ತಿದ್ದರು. ಕಳ್ಳರ ಚೀಲದಲ್ಲಿ ಇಂಥ ಹಣವಿದ್ದರೆ, ಅದರ ಲಕೋಟೆಗಳ ಮೇಲೆ ಕೈಬರಹದ ಹೆಸರುಗಳಿದ್ದರೆ, ಆ ಹೆಸರಿನವರೇ ಸಂಜೆ ಅವರಿಗೆ ಸೂಪು ಬಡಿಸಿದರೆ, ಮುಂದಿನ ಹತ್ತು ದೃಶ್ಯಗಳು ತಾವಾಗಿಯೇ ಬರುತ್ತವೆ.

ಹಗುರವಾದ ಅಪರಾಧ ಕಥೆಗೂ ಭೀಕರ ಘಟನೆಗೂ ನಡುವಿನ ಗೆರೆ ಎಷ್ಟು ತೆಳುವೆಂದು ತಿಳಿಯಲು ಟೆಕ್ಸಸ್‌ನ ಸಿಸ್ಕೊ ಊರಿನಲ್ಲಿ 1927ರ ಡಿಸೆಂಬರ್ 23ರಂದು ನಡೆದ ದರೋಡೆಯ ವಿವರಗಳನ್ನು ಓದಬೇಕು. ಮಾರ್ಷಲ್ ರ್‍ಯಾಟ್ಲಿಫ್ ಎಂಬವನ ಮುಖ ಊರಿನವರಿಗೆ ಪರಿಚಿತವಾದ್ದರಿಂದ ಅವನು ಸಾಂಟಾ ಕ್ಲಾಸ್ ವೇಷದಲ್ಲಿ ಬಂದ. ಬೀದಿಯಲ್ಲಿ ಮಕ್ಕಳು ಅವನ ಹಿಂದೆ ಬಿದ್ದರು. ಓಡಿಹೋಗಲು ತಂದ ಕಾರಿನಲ್ಲಿ ಪೆಟ್ರೋಲು ಸಾಕಷ್ಟಿರಲಿಲ್ಲ. ದಾರಿಯಲ್ಲಿ ಅಡ್ಡಗಟ್ಟಿ ಕಸಿದುಕೊಂಡ ಇನ್ನೊಂದು ಕಾರಿನ ಕೀಲಿಯನ್ನು ಅದನ್ನು ಓಡಿಸುತ್ತಿದ್ದ ಹುಡುಗ ತನ್ನೊಂದಿಗೇ ಒಯ್ದಿದ್ದ. ಮತ್ತೆ ಮೊದಲಿನ ಕಾರಿಗೆ ಮರಳುವ ಗಡಿಬಿಡಿಯಲ್ಲಿ ದೋಚಿದ ಹಣ ಅಲ್ಲಿಯೇ ಉಳಿಯಿತು. ಹಾಸ್ಯಚಿತ್ರಕ್ಕೆ ಬೇಕಾದದ್ದೆಲ್ಲ ಇದರಲ್ಲಿದೆ. ಆದರೆ ಬ್ಯಾಂಕು ದರೋಡೆಕೋರನನ್ನು ಕೊಂದವರಿಗೆ 5,000 ಡಾಲರ್ ಬಹುಮಾನವೆಂದು ಟೆಕ್ಸಸ್‌ನ ಬ್ಯಾಂಕರುಗಳ ಸಂಘ ಆಗ ಘೋಷಿಸಿತ್ತು. ಊರಿನವರು ಬಂದೂಕು ಹಿಡಿದು ಬಂದರು. ಗುಂಡಿನ ಕಾಳಗದಲ್ಲಿ ಇಬ್ಬರು ಪೊಲೀಸ್ ಅಧಿಕಾರಿಗಳು ಪ್ರಾಣ ಕಳೆದುಕೊಂಡರು. 1929ರಲ್ಲಿ ಗುಂಪೊಂದು ರ್‍ಯಾಟ್ಲಿಫ್‌ನನ್ನು ಸೆರೆಮನೆಯಿಂದ ಎಳೆದು ತಂದು ನೇಣಿಗೆ ಹಾಕಿತು. ಆದ್ದರಿಂದ ಬಂದೂಕಿನ ವಿಚಾರವನ್ನು ಮೊದಲ ಕರಡಿನಲ್ಲೇ ತೀರ್ಮಾನಿಸಿ. ಒಂದು ಗುಂಡು ಒಬ್ಬನಿಗೆ ತಗುಲಿದರೂ ಅಲ್ಲಿಂದ ಮುಂದೆ ಪ್ರೇಕ್ಷಕರು ನಗಲಾರರು. ನನ್ನ ಅಭಿಪ್ರಾಯದಲ್ಲಿ ಕಳ್ಳರ ಕೈಯ ಬಂದೂಕು ಆದಷ್ಟು ಬೇಗ ಹಿಮದಲ್ಲಿ ಕಳೆದುಹೋಗುವುದೇ ಲೇಸು.

ಕಳ್ಳರು ಮೂವರಿದ್ದರೆ ಸಾಕು. ಒಬ್ಬನಿಗೆ ಬಂದ ಕೆಲಸ ಇಷ್ಟವಿರಬಾರದು, ಒಬ್ಬನಿಗೆ ಸುಳ್ಳು ನೀರು ಕುಡಿದಷ್ಟು ಸಲೀಸಾಗಿರಬೇಕು, ಇನ್ನೊಬ್ಬನಿಗೆ ಕೈ ಸುಮ್ಮನಿರಬಾರದು. ಗ್ಯಾಲೊ ಚಿತ್ರದ ಸಹೋದರರಲ್ಲೊಬ್ಬನಾದ ಆಲ್ವಿನ್ ಕಣ್ಣಿಗೆ ಬಿದ್ದದ್ದನ್ನೆಲ್ಲ ಜೇಬಿಗೆ ಇಳಿಸುವವನು. ಇಂಥ ಸಣ್ಣ ಕಳವುಗಳು ನಗೆಗೆ ಮಾತ್ರ ಒದಗುವುದಿಲ್ಲ. ಕದ್ದ ಸಣ್ಣ ವಸ್ತುವನ್ನು ಯಾರಿಗೂ ಕಾಣದಂತೆ ಅದರ ಜಾಗದಲ್ಲಿಡುವ ಒಂದು ದೃಶ್ಯ ಬಂದರೆ, ದೊಡ್ಡ ಹಣವೂ ಹಿಂತಿರುಗಲಿದೆ ಎಂಬುದಕ್ಕೆ ಪ್ರೇಕ್ಷಕರ ಮನಸ್ಸು ಸಿದ್ಧವಾಗುತ್ತದೆ.

ಈಗ ಊಟದ ಮೇಜಿನ ದೃಶ್ಯ. ಇಡೀ ಚಿತ್ರದ ಗಟ್ಟಿತನ ಇದರಲ್ಲೇ ಪರೀಕ್ಷೆಗೆ ಬೀಳುವುದರಿಂದ ಇದನ್ನು ನಿಧಾನವಾಗಿ ಬರೆಯಿರಿ. ಹಣದ ಚೀಲ ಮೇಜಿನ ಕೆಳಗಿದೆಯೆಂದು ಪ್ರೇಕ್ಷಕರಿಗೆ ಮೊದಲೇ ತೋರಿಸಿಬಿಡಿ. ಅದನ್ನು ಬಚ್ಚಿಟ್ಟು ಕೊನೆಗೆ ತೋರಿಸಿದರೆ ಒಂದು ಕ್ಷಣದ ಅಚ್ಚರಿ ಸಿಕ್ಕೀತು, ಮೊದಲೇ ತೋರಿಸಿದರೆ ಹತ್ತು ನಿಮಿಷದ ಆತಂಕವೂ ನಗೆಯೂ ಸಿಗುತ್ತವೆ. ಮನೆಯೊಡತಿ ಒದ್ದೆಯಾದ ಕೋಟನ್ನು ಒಣಗಲು ಹಾಕುತ್ತೇನೆಂದು ಕೈಚಾಚುತ್ತಾಳೆ, ಅದರ ಜೇಬಿನಲ್ಲಿ ಮುಖವಾಡವಿದೆ. ನಾಯಿ ಚೀಲವನ್ನು ಮೂಸುತ್ತದೆ. ಮನೆಯ ಹಿರಿಯರು ಅತಿಥಿಗೆ ಗೌರವ ತೋರಿಸಲೆಂದು ಊಟಕ್ಕೆ ಮೊದಲಿನ ಪ್ರಾರ್ಥನೆಯನ್ನು ಅವನೇ ಹೇಳಬೇಕೆಂದು ಕೇಳಿಕೊಳ್ಳುತ್ತಾರೆ. ಪ್ರಾರ್ಥನೆ ಬಾರದ ಕಳ್ಳನು ತಡವರಿಸುತ್ತಾ, ಈ ಮನೆಯವರಿಗೆ ಈ ವರ್ಷ ಯಾವ ನಷ್ಟವೂ ಆಗದಿರಲಿ ಎಂದು ಹೇಳಿಬಿಡುತ್ತಾನೆ, ಹೇಳಿದ ಮೇಲೆ ತನ್ನ ಮಾತು ತನಗೇ ತಾಗಿ ತಲೆ ತಗ್ಗಿಸುತ್ತಾನೆ. ಅವನ ಮೌನವನ್ನು ಭಕ್ತಿಯೆಂದು ತಿಳಿದ ಮನೆಯವರೂ ತಲೆ ತಗ್ಗಿಸುತ್ತಾರೆ. ಇಲ್ಲಿ ಯಾರೂ ಹಾಸ್ಯದ ಮಾತು ಆಡಬಾರದು. ನಗೆಯೆಲ್ಲ ಸನ್ನಿವೇಶದಿಂದ ಬರಬೇಕು, ಪಾತ್ರಗಳೆಲ್ಲ ಪೂರ್ತಿ ಮನಸ್ಸಿನಿಂದಲೇ ಮಾತಾಡಬೇಕು.

ಇದೇ ಕಾರಣಕ್ಕೆ ಊರಿನವರನ್ನು ದಡ್ಡರಾಗಿ ಚಿತ್ರಿಸಬೇಡಿ. ತಿಳಿಯದೆ ಮೋಸಹೋಗುವವರ ಒಳ್ಳೆಯತನಕ್ಕೆ ಬೆಲೆ ಕಡಿಮೆ. ಕನಿಷ್ಠ ಒಬ್ಬರಿಗಾದರೂ, ಆ ಹಿರಿಯರಿಗೋ ಠಾಣೆಯ ಅಧಿಕಾರಿಗೋ, ಮಧ್ಯಂತರದ ಹೊತ್ತಿಗೆ ಎಲ್ಲವೂ ಗೊತ್ತಾಗಿರಬೇಕು, ಗೊತ್ತಿದ್ದೂ ಅವರು ಕಾಯುತ್ತಿರಬೇಕು.

ಮಧ್ಯಂತರದ ನಂತರದ ಭಾಗವನ್ನು ಹಣ ಹಿಂತಿರುಗಿಸುವ ಕಷ್ಟದ ಮೇಲೆ ನಿಲ್ಲಿಸಿ. ಕದಿಯಲು ಐದು ನಿಮಿಷ ಸಾಕಾಗಿತ್ತು. ಮುಚ್ಚಿದ ಬ್ಯಾಂಕಿಗೆ, ಪೊಲೀಸರ ಕಾವಲಿನ ನಡುವೆ ಹಣವನ್ನು ಮರಳಿ ಒಯ್ಯಲು ಇಡೀ ರಾತ್ರಿ ಬೇಕು. ಜೊತೆಗೆ ನಿಜವಾದ ಕೇಡಿಗನೊಬ್ಬ ಆ ಹಣವನ್ನೇ ಹುಡುಕಿಕೊಂಡು ಊರಿಗೆ ಬರಲಿ. ಗ್ಯಾಲೊ ಅದಕ್ಕಾಗಿ ಸೆರೆಮನೆಯಿಂದ ತಪ್ಪಿಸಿಕೊಂಡ ಅಪರಾಧಿಯನ್ನು ಬಳಸಿದ್ದಾರೆ. ಅವನಿಲ್ಲದೆ ಹೋದರೆ ಕಥೆ ಬರೀ ಸಿಹಿಯಾಗಿ ಹಳಸುತ್ತದೆ.

ಹಿಮದ ಬಗ್ಗೆ ಬರೆಯುವಾಗ ಚಿತ್ರೀಕರಣದ ಕಷ್ಟವೂ ನೆನಪಿನಲ್ಲಿರಲಿ. ಹಾಲಿವುಡ್‌ನಲ್ಲಿ ಹಿಂದೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಹರಡಿ ಹಿಮವೆಂದು ತೋರಿಸುತ್ತಿದ್ದರು. ಕಾಲಿಟ್ಟರೆ ಕರುಂ ಕುರುಂ ಎನ್ನುತ್ತಿದ್ದುದರಿಂದ ಮಾತುಗಳನ್ನು ಆಮೇಲೆ ಡಬ್ ಮಾಡಬೇಕಾಗುತ್ತಿತ್ತು. ಫ್ರ್ಯಾಂಕ್ ಕಾಪ್ರಾ ಅವರ 1946ರ ಕ್ರಿಸ್‌ಮಸ್ ಚಿತ್ರಕ್ಕಾಗಿ ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಬೆರೆಸಿ ಸದ್ದಿಲ್ಲದ ಹಿಮ ಮಾಡಿದ ಮೇಲೆ ಈ ತೊಂದರೆ ನೀಗಿತು. ಈಗ ಕಾಗದದ ಹಿಮವೂ ಇದೆ, ಆದರೂ ಖರ್ಚು ಖರ್ಚೇ. ಹೊರಾಂಗಣದ ಹಿಮದ ದೃಶ್ಯಗಳನ್ನು ನಾಲ್ಕೈದಕ್ಕೆ ಇಳಿಸಿ, ಉಳಿದ ಕಡೆ ಕಿಟಕಿಯಾಚೆ ಬೀಳುವ ಹಿಮ ಸಾಕೆನ್ನಿಸಿ.

ಈ ಕಥೆಯನ್ನು ನಮ್ಮ ಕರಾವಳಿಯ ಊರಿಗೆ ತರಬೇಕೆಂದಿರುವವರು ಹಿಮದ ಜಾಗದಲ್ಲಿ ಮಳೆಯನ್ನೋ ಬಂದ್ ಕರೆಯನ್ನೋ ತುರುಕುವುದು ಬೇಡ. ಡಿಸೆಂಬರಿನಲ್ಲಿ ಅಲ್ಲಿ ರಸ್ತೆ ತೆರೆದೇ ಇರುತ್ತದೆ. ತೆರೆದಿರುವ ರಸ್ತೆಯನ್ನು ಬಿಟ್ಟು ಕಳ್ಳರು ಏಕೆ ಉಳಿದರು ಎಂಬುದೇ ಆಗ ಕಥೆಯಾಗುತ್ತದೆ. ಮನೆಮನೆಯಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಕಟ್ಟಿ, ನಡುರಾತ್ರಿಯ ಬಲಿಪೂಜೆಗೆ ಊರೆಲ್ಲ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಸೇರಿ, ನೆರೆಹೊರೆಗೆ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಹಂಚುವ ಆ ಹಬ್ಬದಲ್ಲಿ ಕಳ್ಳರನ್ನು ಹಿಡಿದಿಡುವ ಭಾರವೆಲ್ಲ ಜನರ ಮೇಲೆಯೇ ಬೀಳುತ್ತದೆ, ಆದ್ದರಿಂದ ಊಟದ ದೃಶ್ಯವನ್ನು ಇನ್ನೂ ಎಚ್ಚರದಿಂದ ಬರೆಯಬೇಕಾಗುತ್ತದೆ.

ಒಂದು ಪುಟಕ್ಕೆ ಒಂದು ನಿಮಿಷವೆಂಬ ರೂಢಿಯ ಲೆಕ್ಕದಲ್ಲಿ ಕರಡು ನೂರು ಪುಟ ದಾಟದಿರಲಿ, ದರೋಡೆ ಮೂವತ್ತನೆಯ ಪುಟದೊಳಗೆ ಮುಗಿದಿರಲಿ. ಬರೆದಾದ ಮೇಲೆ ಕಳ್ಳರ ದೃಶ್ಯಗಳನ್ನೆಲ್ಲ ಬದಿಗಿಟ್ಟು ಊರಿನವರ ದೃಶ್ಯಗಳನ್ನು ಮಾತ್ರ ಒಂದರ ಹಿಂದೊಂದು ಗಟ್ಟಿಯಾಗಿ ಓದಿ. ಅಷ್ಟನ್ನೇ ಓದಿದರೂ ಅವರದೇ ಒಂದು ಹಬ್ಬದ ಕಥೆ ಕಂಡರೆ ಕರಡನ್ನು ನಿರ್ಮಾಪಕರಿಗೆ ಕೊಡಬಹುದು. ಕಾಣದಿದ್ದರೆ ಮೊದಲು ತಿದ್ದಬೇಕಾದ ಪುಟಗಳು ಅವೇ.