ಸೈಕಲ್ ಚೈನ್ ಯಾವಾಗ ಬದಲಿಸಬೇಕು? ನಾನು ನೋಡುವುದು ಹೀಗೆ

ನನ್ನದು ಎಂಟು ಸ್ಪೀಡಿನ, ಅಂದರೆ ಹಿಂದೆ ಎಂಟು ಗೇರಿರುವ ಹೈಬ್ರಿಡ್ ಸೈಕಲ್. ಓಡಾಟವೆಲ್ಲ ತೀರ್ಥಹಳ್ಳಿ ಸುತ್ತಮುತ್ತ. ಮಳೆಗಾಲದಲ್ಲಿ ಕೆಂಪು ಕೆಸರು ಚೈನಿನ ಎಣ್ಣೆಗೆ ಸೇರಿತೆಂದರೆ ಮುಗೀತು, ಅದು ಒಳಗೊಳಗೇ ಪಿನ್ನುಗಳನ್ನು ಅರೆಯುತ್ತದೆ. ಹಾಗಾಗಿ ಇಷ್ಟು ಕಿಲೋಮೀಟರಿಗೆ ಚೈನ್ ಬದಲಿಸಬೇಕು ಅನ್ನುವ ಲೆಕ್ಕ ನಾನು ಇಟ್ಟುಕೊಂಡಿಲ್ಲ. ಬೇಸಿಗೆಯಲ್ಲಿ ಓಡಿದ ಚೈನಿಗೂ ಮಳೆಯಲ್ಲಿ ಓಡಿದ್ದಕ್ಕೂ ಅಜಗಜಾಂತರ. ಅಳತೆ ನೋಡಿಯೇ ತೀರ್ಮಾನ.

ಅಳೆಯಲು ಒಂದು ಸ್ಟೀಲ್ ಟೇಪ್ ಸಾಕು. ಚೈನಿನ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು ಅಂತರ. ಅಂದರೆ ಒಂದು ಪಿನ್ನಿಂದ ಮುಂದಕ್ಕೆ 24 ಎಣಿಸಿದರೆ ಸರಿಯಾಗಿ 12 ಇಂಚು. ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದಲ್ವಾ, ಅದಕ್ಕೇ ನಾನು 1 ಇಂಚಿನ ಗೆರೆಯನ್ನು ಪಿನ್ನಿನ ನಡುವಿಗೆ ಹಿಡಿದು, 13ರ ಗೆರೆಯ ಹತ್ತಿರ ನೋಡುತ್ತೇನೆ. ಹಿಂದಿನ ಬ್ರೇಕ್ ಹಿಡಿದು ಪೆಡಲ್ ಒತ್ತಿ ಚೈನ್ ಬಿಗಿ ಮಾಡಿಕೊಳ್ಳಬೇಕು. ಸಡಿಲ ಚೈನಿನ ಅಳತೆ ನಂಬುವಂಥದ್ದಲ್ಲ.

ಪಿನ್ನು 13ರ ಗೆರೆಯಿಂದ ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಸವೆತ ಅರ್ಧ ಪರ್ಸೆಂಟ್. ಹನ್ನೊಂದು, ಹನ್ನೆರಡು ಸ್ಪೀಡಿನ ತೆಳು ಚೈನಾದರೆ ಅಲ್ಲಿಗೇ ಬದಲಿಸಬೇಕು. ನನ್ನಂಥ ಎಂಟು ಸ್ಪೀಡಿನದು ಎರಡು ಮಿಲಿಮೀಟರ್ ದಾಟುವವರೆಗೂ ತಡೆಯುತ್ತದೆ. ಮೂರು ಆಯಿತೆಂದರೆ ಹಿಂದಿನ ಕ್ಯಾಸೆಟ್ಟಿನ (ಹಿಂಚಕ್ರದ ಗೇರಿನ ಹಲ್ಲುಚಕ್ರಗಳ ಗುಂಪು) ಹಲ್ಲುಗಳೂ ಬಹುಪಾಲು ಹಾಳಾಗಿರುತ್ತವೆ.

ಇಷ್ಟು ಸಣ್ಣ ಅಳತೆಗೆ ಯಾಕೆ ತಲೆಕೆಡಿಸಿಕೊಳ್ಳಬೇಕು ಅನ್ನುವವರಿಗೆ ನಾನು ಹಳೇ ಚೈನನ್ನೂ ಹೊಸದನ್ನೂ ಒಂದೇ ಮೊಳೆಗೆ ನೇತುಹಾಕಿ ತೋರಿಸುತ್ತೇನೆ. ಎರಡರಲ್ಲೂ 114 ಕೊಂಡಿ. ಆದರೂ ಹಳೆಯದರ ತುದಿ ಒಂದು ಸೆಂಟಿಮೀಟರಿನಷ್ಟು ಕೆಳಗಿರುತ್ತದೆ. ಉಕ್ಕಿನ ಪಟ್ಟಿಗಳೇನೂ ಹಿಗ್ಗಿರುವುದಿಲ್ಲ. ಒಂದೊಂದು ಪಿನ್ನಿನ ಹತ್ತಿರವೂ ಕೂದಲೆಳೆಯಷ್ಟು ಸವೆದು, ಎಲ್ಲ ಸೇರಿ ಅಷ್ಟಾಗಿರುತ್ತದೆ. ಹೊಸ ಚೈನ್ ಕತ್ತರಿಸುವಾಗಲೂ ಅದಕ್ಕೇ ಹಳೆಯದರ ಪಕ್ಕ ಇಟ್ಟು ಉದ್ದ ನೋಡಬಾರದು, ಕೊಂಡಿ ಎಣಿಸಬೇಕು.

ಉದ್ದವಾದ ಚೈನ್ ತನ್ನ ಅಳತೆಗೆ ತಕ್ಕಂತೆ ಹಲ್ಲುಗಳನ್ನೂ ಸವೆಸಿಕೊಳ್ಳುತ್ತದೆ. ಎರಡೂ ಹೊಂದಿಕೊಂಡಿರುವಷ್ಟು ದಿನ ತೊಂದರೆ ಗೊತ್ತಾಗುವುದೇ ಇಲ್ಲ. ಆ ಹಲ್ಲಿನ ಮೇಲೆ ಹೊಸ ಚೈನ್ ಹಾಕಿ ನೋಡಿ, ಏರಿನಲ್ಲಿ ಒತ್ತಿದಾಗ ಟಕ್ ಅಂತ ಹಾರುತ್ತದೆ. ಎದ್ದು ನಿಂತು ತುಳಿಯುವಾಗ ಹಾಗಾದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ, ಬಿದ್ದರೂ ಬೀಳಬಹುದು. ಹಾಗಾಗಿ ಹೊಸ ಚೈನ್ ಹಾಕಿದ ದಿನ ನಾನು ಮೊದಲು ಹೋಗುವುದೇ ಮನೆ ಹತ್ತಿರದ ಏರಿಗೆ. ಸೀಟಿನಲ್ಲಿ ಕೂತೇ ಒಂದೊಂದು ಗೇರನ್ನೂ ಜೋರಾಗಿ ತುಳಿದು ನೋಡುತ್ತೇನೆ. ಸಾಮಾನ್ಯವಾಗಿ ಹಾರುವುದು ನಾವು ಜಾಸ್ತಿ ಬಳಸುವ ಒಂದೆರಡು ಗೇರು ಮಾತ್ರ. ಆದರೆ ಕ್ಯಾಸೆಟ್ ಪೂರ್ತಿಯಾಗಿಯೇ ಬದಲಿಸಬೇಕಾಗುತ್ತದೆ.

ಚೈನನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಾ ಬಂದರೆ ಒಂದು ಕ್ಯಾಸೆಟ್ ಎರಡು ಮೂರು ಚೈನ್ ಕಾಣುತ್ತದೆ. ದುಡ್ಡು ಉಳಿಯುವುದು ಇಲ್ಲೇ. ಆದರೆ ಸೆಕೆಂಡ್ ಹ್ಯಾಂಡ್ ಸೈಕಲ್ ತಂದವರು ಚೈನ್ ಮೂರು ಮಿಲಿಮೀಟರ್ ದಾಟಿದೆ ಅಂದರೆ, ಗೇರ್ ಸರಿಯಾಗಿ ಬೀಳುತ್ತಿದ್ದರೆ ಸದ್ಯ ಏನೂ ಮುಟ್ಟಬೇಡಿ ಅನ್ನುತ್ತೇನೆ. ಆ ಚೈನ್, ಆ ಕ್ಯಾಸೆಟ್ ಎರಡನ್ನೂ ಆದಷ್ಟು ದಿನ ಓಡಿಸಿ, ಹಾರಲು ಶುರುವಾದಾಗ ಒಟ್ಟಿಗೇ ಬದಲಿಸಲಿ. ಆ ಹಂತದಲ್ಲಿ ಸುಮ್ನೆ ಹೊಸ ಚೈನ್ ಹಾಕಿದರೆ ಅದೂ ದಂಡ.

ಮುಂದಿನ ಚೈನ್‌ರಿಂಗ್ (ಪೆಡಲ್ ಪಕ್ಕದ ಹಲ್ಲುಚಕ್ರ) ಇವಕ್ಕಿಂತ ಜಾಸ್ತಿ ಬಾಳುತ್ತದೆ, ಹಲ್ಲುಗಳು ಹೆಚ್ಚಿರುವುದರಿಂದ. ಹಲ್ಲಿನ ಒಂದು ಬದಿ ಕೊಕ್ಕೆಯಂತೆ ಬಾಗಿದ್ದರೆ, ಅಥವಾ ಚೈನ್ ಕೆಳಗಡೆ ಬಿಟ್ಟುಕೊಳ್ಳದೆ ರಿಂಗಿಗೆ ಅಂಟಿಕೊಂಡೇ ಮೇಲೆ ಬರುತ್ತಿದ್ದರೆ ಅದರ ಕೆಲಸವೂ ಮುಗಿದಂತೆ. ಡಿರೇಲರಿನ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಪುಟ್ಟ ಪ್ಲಾಸ್ಟಿಕ್ ಚಕ್ರಗಳನ್ನು ಚೈನ್ ಬಿಚ್ಚಿದಾಗಲೇ ನೋಡಿಬಿಡುತ್ತೇನೆ. ಹಲ್ಲು ಸೂಜಿಯಂತೆ ಚೂಪಾಗಿದ್ದರೆ ಅವನ್ನೂ ಆಗಲೇ ಬದಲಿಸುತ್ತೇನೆ.