ಕಾಫಿ ಹೂವ ಮುಡಿಯದವಳು

ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿಯ ಮೇಲೆ ಒಂದು ಕವಿತೆ ಬರೆದಿದ್ದೆ. ಮುಖಕ್ಕೆ ಹುಣ್ಣಿಮೆ ಚಂದ್ರ, ಕಣ್ಣಿಗೆ ತಾವರೆ, ನಡಿಗೆಗೆ ಹಂಸ. ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ ರೀ. ಯಾರ ಮೇಲೆ ಬರೆದಿದ್ದು?" ಅಂದಳು. ಕೊಂಕು ಮಾತಲ್ಲ. ಅದು ತಾನೇ ಅಂತ ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆ ಕವಿತೆಯಲ್ಲಿ ಅವಳು ಎಲ್ಲೂ ಇರಲಿಲ್ಲ. ಆಮೇಲೆ ಆರು ವರ್ಷ ಅವಳ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ನಮ್ಮದು ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ರೊಬಸ್ಟಾ ಜಾತಿಯದೇ ಜಾಸ್ತಿ. ಮಾರ್ಚ್ ಹೊತ್ತಿಗೆ ಗಿಡದ ತುಂಬ ಮೊಗ್ಗು ಮಳೆಗೆ ಕಾಯುತ್ತಾ ಕೂತಿರುತ್ತದೆ. ಒಂದು ಒಳ್ಳೆ ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೇ ಬೆಳ್ಳಗಾಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ಮಲ್ಲಿಗೆಯಂಥ ಪರಿಮಳ, ಜೇನುಹುಳದ ಸದ್ದು. ಎಲ್ಲ ಎರಡು-ಮೂರು ದಿನ ಅಷ್ಟೇ. ಆಮೇಲೆ ಹೂವು ಕಂದಿ ಬಾಡುತ್ತದೆ.

ನನ್ನವಳ ತವರು ಪುತ್ತೂರಿನ ಕಡೆ, ಅಡಿಕೆ ಬೆಳೆಯುವವರು. ಮೊದಲ ವರ್ಷ ಈ ಹೂವು ಕಂಡು ಮುಡಿಯಲು ಕೈ ಹಾಕಿದ್ದಳಂತೆ. "ಒಂದು ಹೂವು ಅಂದ್ರೆ ಒಂದು ಹಣ್ಣು ಕಣಮ್ಮ" ಅಂದರಂತೆ ನಮ್ಮಮ್ಮ. ಅವತ್ತಿಂದ ಅವಳು ಒಂದನ್ನೂ ಕಿತ್ತಿಲ್ಲ.

ಆರನೇ ವರ್ಷದ ಹೂವಿನಲ್ಲಿ ನಾನು ಪೈಪು ಸರಿ ಮಾಡುತ್ತಾ ಗಿಡಗಳ ಮರೆಯಲ್ಲಿ ಕೂತಿದ್ದೆ. ಅವಳು ದಾರಿಯಲ್ಲಿ ಬಂದಳು. ಒಂದು ಕೊಂಬೆ ಬಗ್ಗಿಸಿ ಮೂಗಿಗೆ ಹಿಡಿದಳು. ನನಗೆ ಕಂಡದ್ದು ಅದಾದ ಮೇಲಿನದು. ಕೊಂಬೆಯನ್ನು ಅವಳು ಥಟ್ಟನೆ ಬಿಡಲಿಲ್ಲ. ಅದು ತನ್ನ ಜಾಗಕ್ಕೆ ವಾಪಸ್ ಹೋಗುವ ತನಕ ಬೆರಳುಗಳೂ ಜೊತೆಗೇ ಹೋದವು. ಒಂದು ಹೂವೂ ಉದುರಲಿಲ್ಲ. ಮೂಗಿನ ತುದಿಗೆ ಪರಾಗ ಅಂಟಿದ್ದು ಅವಳಿಗೆ ತಿಳಿಯಲಿಲ್ಲ. ಹಾಗೇ ಮನೆ ಕಡೆ ನಡೆದಳು. ಹೂವು ಚೆಂದವೋ ಅವಳು ಚೆಂದವೋ ಅಂತ ಬೇರೆ ಮಾಡಿ ನೋಡಲು ನನ್ನಿಂದ ಆಗಲಿಲ್ಲ.

ಅವತ್ತು ರಾತ್ರಿ ಭಾಮಿನಿ ಷಟ್ಪದಿಯಲ್ಲಿ, ಅಂದರೆ ಆರು ಸಾಲಿನ ಹಳೆಯ ಛಂದಸ್ಸಿನಲ್ಲಿ, ಬರೆಯಲು ಕೂತೆ. ಇದರಲ್ಲಿ ಅಳತೆ ಮಾತ್ರೆಯದು: ಗಿಡ್ಡ ಅಕ್ಷರ ಲಘು, ಅದಕ್ಕೊಂದು ಮಾತ್ರೆ; ಉದ್ದ ಅಕ್ಷರ ಗುರು, ಅದಕ್ಕೆರಡು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 3+4+3+4 ಮಾತ್ರೆ. ಮೂರು ಮತ್ತು ಆರನೇ ಸಾಲು ಅದರ ಒಂದೂವರೆಯಷ್ಟು ಉದ್ದ, ಕೊನೆಗೊಂದು ಗುರು. ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ. ಈ ಲೆಕ್ಕ ಬರೆಯುವವನ ಕೈ ಕಟ್ಟುತ್ತದೆ ಅನ್ನುತ್ತಾರೆ. ನನಗೆ ಅದು ಉಪಕಾರವನ್ನೇ ಮಾಡಿತು. ಮೂರನೇ ಸಾಲು ಮೊದಲು "ತಂದು ಮೆಲ್ಲಗೆ ಬಿಟ್ಟಳು" ಅಂತ ಮುಗಿದಿತ್ತು. ಕೊನೆಗೆ ಬೇಕಾದದ್ದು ಒಂದೇ ಗುರು, ಕೂತಿದ್ದು ಇಡೀ ಒಂದು ಪದ. "ಮೆಲ್ಲಗೆ" ಹೋಗಲೇಬೇಕಾಯಿತು. ತೆಗೆದ ಮೇಲೆ ನೋಡಿದರೆ, "ನೋವು ತಾಗದ ಹಾಗೆ" ಅಂದಾಗಲೇ ಆ ಮೆಲ್ಲಗೆ ಬಂದುಬಿಟ್ಟಿತ್ತು.

ಹೂವ ಮುಡಿಯದೆ ಹೂವ ಕಂಡಳು
ಸಾವಧಾನದಿ ಕೊಂಬೆ ಬಗ್ಗಿಸಿ
ನೋವು ತಾಗದ ಹಾಗೆ ಮೂಗಿಗೆ ಹಿಡಿದು ಬಿಟ್ಟವಳು

ಚಂದ್ರ ಇಲ್ಲ, ತಾವರೆ ಇಲ್ಲ. "ಸುಂದರ" ಅನ್ನುವ ಪದ ನಾಲ್ಕು ಮಾತ್ರೆಗೆ ಸಲೀಸಾಗಿ ಕೂರುತ್ತಿತ್ತು. ಎರಡು ಸಲ ಬರೆದು ಎರಡು ಸಲವೂ ಹೊಡೆದು ಹಾಕಿದೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಓದಿದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ, "ನೀವು ಅಲ್ಲೇ ಇದ್ರಾ?" ಅಂದಳು. ಯಾರ ಮೇಲೆ ಅಂತ ಕೇಳಲಿಲ್ಲ.

ನಾಲ್ಕನೇ ಸಾಲಿಗೆ ಆ ಪರಾಗ ಬರಬೇಕಿತ್ತು. ಆದರೆ "ಪರಾಗ" ಷಟ್ಪದಿಗೆ ಒಗ್ಗುವುದಿಲ್ಲ. ಮೊದಲು ಲಘು, ಮೇಲೆ ಗುರು ಬಂದು ನಡಿಗೆ ಎಡವುತ್ತದೆ. ಬೇರೆ ಏನನ್ನಬಹುದು ಅಂತ ಅವಳನ್ನೇ ಕೇಳಿದೆ.

"ನಮ್ಮ ಕಡೆ ಹುಡಿ ಅಂತೇವೆ" ಅಂದಳು.

ಹೂವ ಹುಡಿಯದು. ಮೂರು, ನಾಲ್ಕು. ಪ್ರಾಸವೂ ಸರಿಯಾಗಿ ಬಂದಿತ್ತು.