ಮುಖ ಬಿಡಿ, ಹೊಗೆ ನೋಡಿ

ಅನಿಮೆಯಲ್ಲಿ, ಅಂದರೆ ಜಪಾನಿನ ಅನಿಮೇಷನ್‌ನಲ್ಲಿ, ಯಾವ ದೃಶ್ಯ ಯಾವ ಕಲಾವಿದರ ಕೈಯದು ಅಂತ ಗುರುತಿಸೋಕೆ ಮೊದಮೊದಲು ನಾನು ಮುಖಗಳನ್ನೇ ದಿಟ್ಟಿಸುತ್ತಿದ್ದೆ. ದಂಡ. ಒಂದು ಕಂತಿಗೆ ಎಷ್ಟೋ ಜನ ಕೀ ಅನಿಮೇಟರ್‌ಗಳು (ಚಲನೆಯ ಮುಖ್ಯ ಚಿತ್ರಗಳನ್ನು ಬರೆಯುವವರು) ಕೆಲಸ ಮಾಡಿರುತ್ತಾರೆ. ಅವರು ಬರೆದ ಮುಖಗಳನ್ನು ಅನಿಮೇಷನ್ ಡೈರೆಕ್ಟರ್ ತಿದ್ದಿ ಒಂದೇ ಥರ ಮಾಡುತ್ತಾರೆ. ತಿದ್ದುವ ಪೆನ್ಸಿಲ್ ಅಷ್ಟಾಗಿ ಮುಟ್ಟದ ಜಾಗ ನೋಡಿ: ಹೊಗೆ, ಬೆಂಕಿ, ಒಡೆದ ಕಲ್ಲು, ಹಾರುವ ಬಟ್ಟೆ.

ಗೋಡೆ ಒಡೆದಾಗ ಚೂರುಗಳು ದಾಳದ ಹಾಗೆ ಚೌಕ ಚೌಕವಾಗಿ ಸಿಡಿದರೆ ಅನಿಮೇಟರ್ ಯುತಾಕಾ ನಕಾಮುರಾ ನೆನಪಾಗಬೇಕು. ಅಭಿಮಾನಿಗಳು ಅದನ್ನು ಯುತಾಪೊನ್ ಕ್ಯೂಬ್ ಅನ್ನುತ್ತಾರೆ. ಕ್ಷಿಪಣಿಗಳು ಒಂದೊಂದೂ ಒಂದೊಂದು ದಾರಿ ಹಿಡಿದು, ಹೊಗೆಯ ಬಾಲ ಬಿಡುತ್ತಾ ಸುತ್ತಿ ಬಂದರೆ ಅದು ಇತಾನೊ ಸರ್ಕಸ್. 1982ರ ಮ್ಯಾಕ್ರಾಸ್ ಸರಣಿಯಲ್ಲಿ ಇಚಿರೊ ಇತಾನೊ ಇದನ್ನು ಮನೆಮಾತು ಮಾಡಿದರು. ಬೆಂಕಿಯೇ ಡ್ರ್ಯಾಗನ್ ಆಗಿ ಎದ್ದರೆ ಯೋಶಿನೋರಿ ಕನಾಡಾ. (ಹೆಸರು ಕೇಳಿದಾಗ ನಮ್ಮವರೇ ಏನೋ ಅನ್ನಿಸಿತ್ತು!) ಆದರೆ ಇವರೆಲ್ಲರನ್ನೂ ಅನುಕರಿಸುವವರು ಬೇಕಾದಷ್ಟು ಜನ ಇದ್ದಾರೆ. ಬರೀ ಆಕಾರ ನೋಡಿ ಹೆಸರು ಹೇಳಿಬಿಡಬೇಡಿ.

ಟೈಮಿಂಗ್ ಎಣಿಸಿ. ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರ 2 ಫ್ರೇಮ್ ನಿಂತರೆ ಸೆಕೆಂಡಿಗೆ 12 ಚಿತ್ರ, 3 ಫ್ರೇಮ್ ನಿಂತರೆ 8. ವಿಎಲ್‌ಸಿ ವಿಡಿಯೋ ಪ್ಲೇಯರ್‌ನಲ್ಲಿ ಕೀಬೋರ್ಡಿನ E ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಒಂದು ಏಟಿನ ದೃಶ್ಯ ತಗೊಂಡು ಪ್ರತಿ ಚಿತ್ರ ಎಷ್ಟು ಫ್ರೇಮ್ ನಿಂತಿತು ಅಂತ ಬರೆಯಿರಿ: 3, 3, 4, 1, 1, 1, 2. ಎಲ್ಲಿ ತಡೆದರು, ಎಲ್ಲಿ ಬಿಟ್ಟರು ಅನ್ನೋದು ಕಾಣುತ್ತದೆ. ಅನಿಮೇಟರ್ ಮಿತ್ಸುವೊ ಇಸೊ ಮುಖ್ಯ ಚಿತ್ರಗಳ ನಡುವಿನ ಚಿತ್ರಗಳನ್ನು ಬೇರೆಯವರಿಗೆ ಬಿಡದೆ ಆದಷ್ಟೂ ತಾವೇ ಬರೆಯುತ್ತಿದ್ದರು. ಹಾಗಾಗಿ ಅವರ ಲೆಕ್ಕ ಎಲ್ಲೂ ಸಲೀಸಾಗಿ ಕೂರುವುದಿಲ್ಲ. ನನಗೆ ಅದೇ ಇಷ್ಟ.

ಇಲ್ಲೇ ನಾನು ಎಡವಿದ್ದು. ಒಂದು ಹೊಡೆದಾಟ 'ಎಷ್ಟು ನುಣುಪಾಗಿದೆ' ಅಂತ ಎರಡು ಸಂಜೆ ಕೂತು ನೋಟ್‌ಬುಕ್ ತುಂಬಿಸಿದೆ. ಆಮೇಲೆ ಬ್ಲೂ-ರೇ ನೋಡಿದರೆ ಆ ನುಣುಪೇ ಇಲ್ಲ! ನಾನು ಎಣಿಸಿದ್ದು ಟಿವಿ ಪ್ರತಿ. ಅದರಲ್ಲಿ ವೇಗದ ಜಾಗದಲ್ಲಿ ಹಿಂದಿನ ಫ್ರೇಮ್ ಮುಂದಿನದರ ಮೇಲೆ ಮಸುಕಾಗಿ ಉಳಿದಿತ್ತು. ಇದಕ್ಕೆ ಘೋಸ್ಟಿಂಗ್ ಅನ್ನುತ್ತಾರೆ. 1997ರ ಡಿಸೆಂಬರ್‌ನಲ್ಲಿ ಪೋಕೆಮಾನ್ ಕಂತೊಂದರ ಮಿನುಗು ಬೆಳಕಿನಿಂದ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಆಮೇಲೆ ಜಪಾನಿನ ಟಿವಿಯಲ್ಲಿ ಮಿಂಚುವ ದೃಶ್ಯಗಳಿಗೆ ಕಟ್ಟುನಿಟ್ಟು ಬಂತು. ಅದಕ್ಕೇ ಅಂಥ ಜಾಗಗಳನ್ನು ಮಂಕು ಮಾಡಿ ಕಳಿಸುತ್ತಾರೆ. ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಇದನ್ನು ತೆಗೆದಿರುತ್ತಾರೆ.

ಹಾಗಂತ ಡಿಸ್ಕೇ ಅಂತಿಮ ಅಲ್ಲ. ಅವಸರದಲ್ಲಿ ಟಿವಿಗೆ ಹೋದ ಚಿತ್ರಗಳನ್ನು ಡಿಸ್ಕ್‌ಗೆ ಬೇರೆಯವರು ಮತ್ತೆ ಬರೆದಿರಬಹುದು. ಇವಾಂಜೆಲಿಯನ್ ಸರಣಿಯ 21ರಿಂದ 24ನೇ ಕಂತುಗಳಿಗೆ ಟಿವಿ ರೂಪವೇ ಬೇರೆ, ವಿಡಿಯೋ ರೂಪವೇ ಬೇರೆ. ಹಳೆಯ ಸರಣಿಗಳಲ್ಲಿ ಇನ್ನೊಂದು ಕಾಟ: ಫಿಲ್ಮ್‌ನ ಕಣಕಣ (ಗ್ರೇನ್) ಅಳಿಸಲು ಹೋಗಿ ತೆಳು ಗೆರೆಗಳನ್ನೂ ಅಳಿಸಿರುತ್ತಾರೆ.

ಹೋಲಿಸುವಾಗ ನಿಮಿಷ-ಸೆಕೆಂಡ್ ನಂಬಬೇಡಿ, ಎರಡು ಪ್ರತಿಗಳಲ್ಲಿ ಅದು ಹೊಂದುವುದಿಲ್ಲ. ಕಟ್ (ಒಂದು ಶಾಟ್) ಬದಲಾಗುವ ಮೊದಲ ಫ್ರೇಮ್ ಹಿಡಿದು ಅಲ್ಲಿಂದ ಎಣಿಸಿ. ನನ್ನ ನೋಟ್‌ಬುಕ್‌ನಲ್ಲಿ ಈಗ ಎರಡು ಕಾಲಂ ಇವೆ. ಫ್ರೇಮ್ ಲೆಕ್ಕ ಡಿಸ್ಕ್‌ನಿಂದ, 'ಮೊದಲು ಬರೆದವರು ಯಾರು' ಅನ್ನೋ ಊಹೆ ಟಿವಿ ಪ್ರತಿಯಿಂದ.